ಆಷಾಢದ ಒಲೆಗೆ ಚೈತ್ರದ ಕೊಡಲಿ

ಯುಗಾದಿ ಕಳೆದು ಬಿಸಿಲು ಬಲಿಯುತ್ತಿದ್ದಂತೆ ಮಲೆನಾಡಿನ ಮನೆಯಂಗಳದಲ್ಲಿ ಎರಡು ಕೆಲಸಗಳು ಒಟ್ಟೊಟ್ಟಿಗೆ ಶುರುವಾಗುತ್ತವೆ. ಒಂದು ಹಪ್ಪಳ-ಸಂಡಿಗೆಯದು, ಇನ್ನೊಂದು ಸೌದೆಯದು. ಹಪ್ಪಳದ ಚಾಪೆಯ ಸುತ್ತ ಮಕ್ಕಳು ಸುಳಿದಾಡುತ್ತಾರೆ. ಸೌದೆಯ ರಾಶಿಯತ್ತ ಯಾರೂ ತಿರುಗಿ ನೋಡುವುದಿಲ್ಲ. ಆದರೆ ಹಪ್ಪಳವಿಲ್ಲದೆ ಮಳೆಗಾಲ ಕಳೆದೀತು, ಒಣ ಸೌದೆಯಿಲ್ಲದೆ ಕಳೆಯುವುದು ಮಾತ್ರ ಕಷ್ಟ.

ಗ್ಯಾಸ್ ಬಂದ ಮೇಲೂ ಸೌದೆಯ ಮಾತೇಕೆ ಎಂದು ಪೇಟೆಯ ಮಕ್ಕಳು ಕೇಳಬಹುದು. ಉಜ್ವಲಾ ಯೋಜನೆ ೨೦೧೬ರಲ್ಲಿ ಆರಂಭವಾದ ಮೇಲಂತೂ ಸಿಲಿಂಡರ್ ಕಾಣದ ಹಳ್ಳಿ ಅಪರೂಪ. ಆದರೂ ಎಷ್ಟೋ ಮನೆಗಳ ಬಚ್ಚಲ ಹಂಡೆಯ ಕೆಳಗೆ ಉರಿಯುವುದು ಸೌದೆಯೇ. ದನಗಳ ಹುರುಳಿ ಬೇಯುವುದು, ಸುಗ್ಗಿಯಲ್ಲಿ ಅಡಿಕೆ ಬೇಯುವುದು ಅದರಿಂದಲೇ. ಸಿಲಿಂಡರಿನ ದುಡ್ಡು ಹೊಂದದ ಮನೆಗಳಲ್ಲಿ ಅನ್ನವೂ ಅದರಿಂದಲೇ. ಆಗುಂಬೆಯಂಥ ಊರಿನಲ್ಲಿ ವರ್ಷಕ್ಕೆ ಸರಾಸರಿ ೭೦೦೦ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಮೃಗಶಿರಾ ಮಳೆ ಹಿಡಿಯಿತೆಂದರೆ ಸೌದೆ ಒಣಗಿಸುವ ಅವಕಾಶ ಮುಗಿದಂತೆ.

ಒಣಗಿಸಲೇಬೇಕೆ? ಹಸಿಯಾಗಿಯೇ ಒಲೆಗೆ ತುರುಕಿದರೆ ಏನಾಗುತ್ತದೆ? ಒಂದು ಲೆಕ್ಕ ಹಾಕಿ ನೋಡಬಹುದು. ಆಗಷ್ಟೇ ಕಡಿದ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ನೀರೇ ಇರುತ್ತದೆ. ಅಂದರೆ ಒಂದು ಕಿಲೋ ಹಸಿ ಸೌದೆಯಲ್ಲಿ ಅರ್ಧ ಕಿಲೋ ನೀರು. ಅದನ್ನು ೩೦ ಡಿಗ್ರಿಯಿಂದ ೧೦೦ ಡಿಗ್ರಿಗೆ ಕಾಯಿಸಲು ೩೫ ಕಿಲೋಕ್ಯಾಲೊರಿ, ಆವಿ ಮಾಡಲು ಮತ್ತೆ ೨೭೦, ಒಟ್ಟು ೩೦೫. ಉಳಿದ ಅರ್ಧ ಕಿಲೋ ಒಣ ಮರದಿಂದ ಸಿಗುವುದು ಸುಮಾರು ೨೨೫೦ ಕಿಲೋಕ್ಯಾಲೊರಿ. ಅದರಲ್ಲಿ ಏಳನೆಯ ಒಂದು ಪಾಲು ನೀರಿಗೆ ಹೋಯಿತು. ಇಷ್ಟೇ ತಾನೇ ನಷ್ಟ ಎನಿಸಬಹುದು.

ನಿಜವಾದ ನಷ್ಟ ಈ ಲೆಕ್ಕದ ಹೊರಗಿದೆ. ಕಟ್ಟಿಗೆ ನೇರವಾಗಿ ಉರಿಯುವುದಿಲ್ಲ. ಕಾದಾಗ ಅದರಿಂದ ಅನಿಲಗಳು ಹೊರಡುತ್ತವೆ. ಜ್ವಾಲೆಯಾಗಿ ಉರಿಯುವುದು ಅವು. ಅವು ಪೂರ್ತಿ ಉರಿಯಬೇಕಾದರೆ ಒಲೆಯೊಳಗೆ ಸುಮಾರು ೬೦೦ ಡಿಗ್ರಿ ಶಾಖವಾದರೂ ಬೇಕು. ಸೌದೆಯ ನೀರು ಆವಿಯಾಗುತ್ತ ಒಲೆಯನ್ನು ತಣ್ಣಗಾಗಿಸುತ್ತಿದ್ದರೆ ಅಷ್ಟು ಶಾಖ ಏಳುವುದೇ ಇಲ್ಲ. ಆಗ ಅನಿಲಗಳು ಉರಿಯದೆ, ಮಸಿ ಮತ್ತು ಟಾರಿನ ಸಣ್ಣ ಹನಿಗಳೊಂದಿಗೆ ಮೇಲೇಳುತ್ತವೆ. ಅದೇ ಹೊಗೆ. ಹೊಗೆಯೆಂದರೆ ಉರಿಯದೆ ಹೋದ ಸೌದೆ!

ಈ ಹೊಗೆ ಯಾರ ಪಾಲು? ಚೈತ್ರದಲ್ಲಿ ಕೊಡಲಿ ಹಿಡಿಯುವವರು ಸಾಮಾನ್ಯವಾಗಿ ಗಂಡಸರು. ಆಷಾಢದಲ್ಲಿ ಊದುಗೊಳವೆ ಹಿಡಿದು ಒಲೆಯ ಮುಂದೆ ಕೂರುವವರು ಹೆಂಗಸರು, ಅವರ ಸೆರಗು ಹಿಡಿದ ಮಕ್ಕಳು. ‘ನಾಳೆ ಒಡೆದರಾಯಿತು’ ಎಂದು ಮುಂದೂಡಿದ ಸೌದೆ ಮೂರು ತಿಂಗಳ ಮೇಲೆ ಇನ್ನೊಬ್ಬರ ಕಣ್ಣಿನಲ್ಲಿ ನೀರಾಗಿ, ಎದೆಯಲ್ಲಿ ಕೆಮ್ಮಾಗಿ ಬರುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ೧೯೭೪ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರದ ವಿಜ್ಞಾನಿಗಳು ಹಳ್ಳಿಯ ಹೆಣ್ಣುಮಕ್ಕಳ ಈ ಕಷ್ಟ ಕಂಡೇ ಹೊಗೆಕೊಳವೆಯುಳ್ಳ ‘ಅಸ್ತ್ರ ಒಲೆ’ ರೂಪಿಸಿದರು. ಅದು ಸೌದೆಯನ್ನೂ ಉಳಿಸಿತು, ಹೊಗೆಯನ್ನೂ ಹೊರಹಾಕಿತು. ಆದರೆ ಎಂಥ ಜಾಣ ಒಲೆಯೂ ಹಸಿ ಕಟ್ಟಿಗೆಯನ್ನು ಒಣಗಿದ ಕಟ್ಟಿಗೆಯನ್ನಾಗಿ ಮಾಡಲಾರದು. ಆ ಕೆಲಸ ಬಿಸಿಲಿನದು. ಬಿಸಿಲಿಗೆ ದಾರಿ ಮಾಡಿಕೊಡುವುದು ಕೊಡಲಿಯದು.

ದಾರಿ ಎಂದರೆ ಹೇಗೆ? ಮರದ ಕಾಂಡದಲ್ಲಿ ನೀರಿನ ನಾಳಗಳು ಉದ್ದುದ್ದಕ್ಕೆ ಇರುತ್ತವೆ. ತೊಗಟೆಯಂತೂ ನೀರನ್ನು ಸುಲಭವಾಗಿ ಹೊರಬಿಡದ ಕೋಟೆ. ಇಡೀ ದಿಮ್ಮಿಯಿಂದ ನೀರು ಹೊರಬರಬೇಕಾದರೆ ಎರಡು ತುದಿಗಳೇ ಮುಖ್ಯ ಬಾಗಿಲು. ೨೦ ಸೆಂಟಿಮೀಟರ್ ವ್ಯಾಸದ, ೫೦ ಸೆಂಟಿಮೀಟರ್ ಉದ್ದದ ಒಂದು ತುಂಡನ್ನು ತೆಗೆದುಕೊಳ್ಳೋಣ. ಎರಡು ತುದಿಗಳ ವಿಸ್ತೀರ್ಣ ಒಟ್ಟು ೬೨೮ ಚದರ ಸೆಂಟಿಮೀಟರ್. ಅದನ್ನು ಉದ್ದಕ್ಕೆ ನಾಲ್ಕಾಗಿ ಸೀಳಿದರೆ ಹೊಸದಾಗಿ ತೆರೆದುಕೊಳ್ಳುವ ಮೈ ೪೦೦೦ ಚದರ ಸೆಂಟಿಮೀಟರ್! ಗಾಳಿ-ಬಿಸಿಲಿಗೆ ಒಡ್ಡಿದ ಮೈ ಏಳು ಪಟ್ಟಿಗೂ ಹೆಚ್ಚಾಯಿತು. ಇಡೀ ದಿಮ್ಮಿ ವರ್ಷ ಕಳೆದರೂ ಒಳಗೆ ಹಸಿಯಾಗಿರುವುದು, ಸೀಳಿದ್ದು ಎರಡು-ಮೂರು ತಿಂಗಳ ಬಿರುಬಿಸಿಲಿಗೆ ಹದವಾಗುವುದು ಇದಕ್ಕೇ.

ಇನ್ನು ಕೊಡಲಿಯ ಆಯ್ಕೆ. ಅಂಗಡಿಯಲ್ಲಿ ಬಹಳ ಮಂದಿ ಬೆರಳಿನಿಂದ ಅಲಗಿನ ಹರಿತ ನೋಡುತ್ತಾರೆ, ಕೆನ್ನೆ ನೋಡುವುದಿಲ್ಲ. ತೆಳು ಕೆನ್ನೆಯ, ಹರಿತವಾದ ಕೊಡಲಿ ಮರ ಕಡಿಯಲು ಸರಿ. ಅದು ನಾರುಗಳನ್ನು ಅಡ್ಡಕ್ಕೆ ಕತ್ತರಿಸಬೇಕು. ಸೌದೆ ಸೀಳುವಾಗ ನಾರನ್ನು ಕತ್ತರಿಸುವ ಕೆಲಸವಿಲ್ಲ, ಒಂದನ್ನೊಂದರಿಂದ ಬೇರ್ಪಡಿಸಿದರೆ ಸಾಕು. ಅದಕ್ಕೆ ಬೇಕಾದದ್ದು ದಪ್ಪ ಕೆನ್ನೆಯ ಕೊಡಲಿ. ಅಲಗು ಒಳಹೊಕ್ಕ ಕೂಡಲೇ ಕೆನ್ನೆ ಎರಡೂ ಬದಿಗೆ ಒತ್ತಿ ಸೀಳನ್ನು ಅಗಲಿಸುತ್ತದೆ. ಪಾಠಪುಸ್ತಕದ ಬೆಣೆ ಇದೇ. ಕೆನ್ನೆ ತೀರ ತೆಳುವಾದರೆ ಕೊಡಲಿ ಸಿಕ್ಕಿಕೊಳ್ಳುತ್ತದೆ, ತೀರ ದಪ್ಪವಾದರೆ ಪುಟಿಯುತ್ತದೆ.

ತೂಕ ಎಷ್ಟಿರಬೇಕು? ಭಾರವಾದಷ್ಟೂ ಒಳ್ಳೆಯದೆಂಬುದು ಅರ್ಧ ಸತ್ಯ. ಚಲನಶಕ್ತಿ ತೂಕಕ್ಕೆ ತಕ್ಕಂತೆ ಹೆಚ್ಚುತ್ತದೆ, ವೇಗದ ವರ್ಗಕ್ಕೆ ತಕ್ಕಂತೆ ಇನ್ನೂ ಹೆಚ್ಚುತ್ತದೆ. ೩ ಕಿಲೋ ಕೊಡಲಿ ಸೆಕೆಂಡಿಗೆ ೮ ಮೀಟರ್ ವೇಗದಲ್ಲಿ ಬಿದ್ದರೆ ೯೬ ಜೂಲ್. ೨ ಕಿಲೋ ಕೊಡಲಿ ೧೦ ಮೀಟರ್ ವೇಗದಲ್ಲಿ ಬಿದ್ದರೆ ೧೦೦ ಜೂಲ್. ತೋಳಿನ ಅಳತೆಗೆ ತಕ್ಕ ಕೊಡಲಿಯೇ ಲೇಸು. ಗಂಟುಗಂಟಾದ ಹಲಸು, ನಾರು ಹೆಣೆದುಕೊಂಡ ಕಟ್ಟಿಗೆ ಯಾವ ಕೊಡಲಿಗೂ ಬಗ್ಗದು. ಅದಕ್ಕೆ ಕಬ್ಬಿಣದ ಬೆಣೆ ಮತ್ತು ಸಮ್ಮಟಿಗೆಯೇ ಬೇಕು. ಈಗ ಸೌದೆ ಸೀಳುವ ಯಂತ್ರಗಳೂ ಬಂದಿವೆ. ನಾಲ್ಕು ಮನೆಯವರು ಸೇರಿ ಬಾಡಿಗೆಗೆ ತಂದರೆ ವಾರದ ಕೆಲಸ ದಿನಕ್ಕೆ ಮುಗಿದೀತು. ಅಲ್ಲಿಯೂ ದುಡಿಯುವುದು ಬೆಣೆಯ ತತ್ವವೇ.

‘ಕೊಡಲಿ ಕಾವು ಕುಲಕ್ಕೆ ಸಾವು’ ಎಂದು ಗಾದೆಯವರು ಮರದ ಪರವಾಗಿ ಮರುಗಿದರು. ಸಡಿಲ ಕಾವು ಮನುಷ್ಯರ ಕುಲಕ್ಕೂ ಸಾವೇ. ಬೇಸಿಗೆಯಲ್ಲಿ ಸೌದೆಯೊಂದಿಗೆ ಕಾವೂ ಒಣಗಿ ಕುಗ್ಗುತ್ತದೆ, ತಲೆ ಸಡಿಲವಾಗುತ್ತದೆ. ನೀರಿನಲ್ಲಿ ನೆನೆಹಾಕಿದರೆ ಉಬ್ಬಿ ಬಿಗಿಯಾಯಿತೆಂದು ತೋರುತ್ತದೆ, ಒಣಗಿದೊಡನೆ ಮೊದಲಿಗಿಂತ ಹೆಚ್ಚು ಸಡಿಲ. ಹೊಸ ಬೆಣೆ ಬಡಿಯುವುದು ಅಥವಾ ಕಾವನ್ನೇ ಬದಲಿಸುವುದು ಸರಿಯಾದ ದಾರಿ. ತುಂಡನ್ನು ಬರಿ ನೆಲದ ಮೇಲಲ್ಲ, ಅಗಲವಾದ ದಿಮ್ಮಿಯ ಮೇಲೆ ನಿಲ್ಲಿಸಿ ಒಡೆಯಬೇಕು. ಕೊಡಲಿಯ ಹಿಂಬದಿಗೆ ಇನ್ನೊಂದು ಕೊಡಲಿಯಿಂದ ಹೊಡೆಯಬಾರದು. ಉಕ್ಕಿನ ಚೂರು ಸಿಡಿದು ಕಣ್ಣು ಹೋದೀತು. ನೋಡಲು ಬಂದ ಮಕ್ಕಳು ಜಗಲಿಯ ಮೇಲೆಯೇ ಇರಲಿ.

ಒಡೆದದ್ದನ್ನು ರಾಶಿ ಹಾಕಿದರೆ ಅರ್ಧ ಕೆಲಸ ಮಾತ್ರ ಆಯಿತು. ಕೆಳಗೆ ಕಲ್ಲು ಅಥವಾ ಅಡಿಕೆ ದಬ್ಬೆ ಹಾಸಿ, ಒಂದು ಸಾಲು ಉದ್ದಕ್ಕೆ, ಒಂದು ಸಾಲು ಅಡ್ಡಕ್ಕೆ ಪೇರಿಸಿದರೆ ನಡುವೆ ಗಾಳಿಯಾಡುತ್ತದೆ. ಗೆದ್ದಲಿನ ಕಾಟವೂ ಕಡಿಮೆ. ಪ್ಲಾಸ್ಟಿಕ್ ಹಾಳೆಯಿಂದ ಸುತ್ತಲೂ ಮುಚ್ಚಿದರೆ ಹೊರಡಬೇಕಾದ ತೇವ ಒಳಗೇ ಉಳಿದು ಬೂಸು ಹಿಡಿಯುತ್ತದೆ. ಮುಚ್ಚಬೇಕಾದದ್ದು ತಲೆಯನ್ನು, ಮೈಯನ್ನಲ್ಲ. ಮಳೆಗಾಲದಲ್ಲಿ ಒಣ ಸೌದೆಯೂ ಗಾಳಿಯ ತೇವ ಸ್ವಲ್ಪ ಹೀರುತ್ತದೆ. ನಾಳೆಗೆ ಬೇಕಾದಷ್ಟನ್ನು ಇವತ್ತೇ ಒಲೆಯ ಹತ್ತಿರ, ಕಿಡಿ ತಾಗದಷ್ಟು ದೂರದಲ್ಲಿ ಇಡುವ ಹಿರಿಯರ ರೂಢಿ ಇದಕ್ಕಾಗಿಯೇ.

ಸೌದೆ ಒಣಗಿತೆಂದು ತಿಳಿಯುವುದು ಹೇಗೆ? ತುದಿಯಲ್ಲಿ ಬಿರುಕು ಮೂಡಿ, ತೊಗಟೆ ತಾನಾಗಿ ಕಳಚುತ್ತಿದ್ದರೆ ಒಳ್ಳೆಯ ಲಕ್ಷಣ. ಎರಡು ತುಂಡುಗಳನ್ನು ಒಂದಕ್ಕೊಂದು ತಾಗಿಸಿದಾಗ ‘ಠಣ್’ ಎಂದರೆ ಒಣಗಿದೆ, ‘ದಬ್’ ಎಂದರೆ ಇಲ್ಲ. ಇದಕ್ಕಿಂತ ಖಚಿತವಾದ ಪರೀಕ್ಷೆ ವಿದ್ಯಾರ್ಥಿಗಳ ಕೈಯಲ್ಲೇ ಇದೆ. ಬೇಸಿಗೆ ರಜೆಯ ಮೊದಲ ದಿನ ಒಂದೇ ಮರದ ಎರಡು ಹಸಿ ತುಂಡುಗಳನ್ನು ಆರಿಸಿ, ಒಂದನ್ನು ಸೀಳಿಸಿ, ಇನ್ನೊಂದನ್ನು ಹಾಗೆಯೇ ಬಿಡಲಿ. ಸೀಳಿದ ಹೋಳುಗಳನ್ನು ಒಟ್ಟಿಗೆ, ಇಡೀ ತುಂಡನ್ನು ಬೇರೆಯಾಗಿ, ಪ್ರತಿ ಭಾನುವಾರ ತಕ್ಕಡಿಯಲ್ಲಿ ತೂಗಿ ಬರೆದಿಡಲಿ. ತೂಕ ಇಳಿಯುವುದು ನಿಂತಾಗ ಸೌದೆ ಒಣಗಿತು ಎಂದರ್ಥ. ಎರಡು ಗೆರೆಗಳ ನಕ್ಷೆ ಬರೆದರೆ ಆವೀಕರಣದ ಪಾಠ ಪರೀಕ್ಷೆಗೆ ಮಾತ್ರವಲ್ಲ, ಜೀವಮಾನಕ್ಕೆ ನೆನಪಿರುತ್ತದೆ.

ತಂದೆತಾಯಂದಿರು ಆ ನಕ್ಷೆಯನ್ನು ಒಮ್ಮೆ ನೋಡಬೇಕು. ಹಾಳೆಯ ಮೇಲೆ ಕೆಳಗಿಳಿಯುವ ಪ್ರತಿಯೊಂದು ಗ್ರಾಂ ಕೂಡ ಆಷಾಢದ ಒಲೆಯ ಮುಂದೆ ಕೂರುವವರ ಉಸಿರಿನಿಂದ ಮೊದಲೇ ಇಳಿಸಿದ ಭಾರ.