ಕಿಟಕಿಯ ಮೇಲಿನ ಲೋಟ

ಬೆಂಗಳೂರಿನಿಂದ ಬನ್ನೇರುಘಟ್ಟಕ್ಕೆ ಹೋಗುವ ರಸ್ತೆಯಲ್ಲಿರುವ ಹುಳಿಮಾವಿನಲ್ಲಿ ನಮ್ಮ ವಾಸ. ಕೆರೆಯೂ ಗುಹಾದೇವಾಲಯವೂ ಇರುವ ಈ ಹಳ್ಳಿಯನ್ನು ನಗರವು ಎಂದೋ ತನ್ನೊಳಗೆ ಸೇರಿಸಿಕೊಂಡಿದೆ. ನಮ್ಮ ಬೀದಿಯೊಂದರಲ್ಲಿಯೇ ಕನ್ನಡ, ತೆಲುಗು, ತಮಿಳು, ಹಿಂದಿ, ಬಂಗಾಳಿ ಮಾತುಗಳು ಕಿವಿಗೆ ಬೀಳುತ್ತವೆ. ಇಷ್ಟು ಬಗೆಯ ಜನರೊಡನೆ ಹೊಂದಿಕೊಂಡು ಬಾಳುತ್ತಿರುವೆನೆಂಬ ಹೆಮ್ಮೆ ನನಗಿತ್ತು. ಒಂದು ಚಲನಚಿತ್ರವು ಆ ಹೆಮ್ಮೆಯನ್ನು ಅಲುಗಾಡಿಸಿತು.

ರಿಷಬ್ ಶೆಟ್ಟಿಯವರು ನಿರ್ದೇಶಿಸಿ, ನಾಯಕನಾಗಿ ಅಭಿನಯಿಸಿದ 'ಕಾಂತಾರ' ಚಿತ್ರವು 2022ರ ಸೆಪ್ಟೆಂಬರ್ 30ರಂದು ತೆರೆಕಂಡಿತು. ಕೆಲವು ದಿನಗಳ ತರುವಾಯ ಮಗನನ್ನು ಕರೆದುಕೊಂಡು ಸಮೀಪದ ಚಿತ್ರಮಂದಿರಕ್ಕೆ ಹೋದೆ. ಅದರ ಪಾತ್ರಗಳು ಆಡುವುದು ಕರಾವಳಿಯ ಕನ್ನಡ. ಮೈಸೂರು ಸೀಮೆಯವನಾದ ನನಗೆ ಕೆಲವು ಮಾತುಗಳು ತಿಳಿಯಲಿಲ್ಲ. ಆದರೆ ಕಥೆಯು ನನ್ನನ್ನು ಹಿಡಿದು ಕೂರಿಸಿತು.

1847ರಲ್ಲಿ ನೆಮ್ಮದಿಯನ್ನು ಅರಸಿ ಹೊರಟ ರಾಜನೊಬ್ಬನು ಕಾಡಿನ ಜನರಿಂದ ದೈವದ ಶಿಲೆಯನ್ನು ಪಡೆದು, ಪ್ರತಿಯಾಗಿ ಅವರಿಗೆ ಭೂಮಿಯನ್ನು ಬಿಟ್ಟುಕೊಡುತ್ತಾನೆ. ತಲೆಮಾರುಗಳು ಕಳೆದ ಮೇಲೆ ಅವನ ವಂಶದವರಿಗೆ ಆ ಭೂಮಿಯ ಮೇಲೆ ಆಸೆ ಹುಟ್ಟುತ್ತದೆ. 1990ರ ಹೊತ್ತಿಗೆ ಊರಿನ ಒಡೆಯನು ಜನರ ಹಿತೈಷಿಯಂತೆ ನಟಿಸುತ್ತಲೇ ಅದನ್ನು ಕಬಳಿಸಲು ಹವಣಿಸುತ್ತಾನೆ. ತನಗೆ ಅನುಕೂಲವಾಗುವಂತೆ ದೈವದ ನುಡಿ ಕೊಡಲೊಪ್ಪದ ಗುರುವನೆಂಬ ದೈವನರ್ತಕನನ್ನು ಕೊಲ್ಲುತ್ತಾನೆ. ಕೊನೆಗೆ ಗುಳಿಗ ದೈವವು ನಾಯಕನಾದ ಶಿವನ ಮೈಮೇಲೆ ಬಂದು ಅನ್ಯಾಯವನ್ನು ಅಡಗಿಸುತ್ತದೆ.

ನಿತ್ಯಜೀವನದ ನಡುವೆ ಅದ್ಭುತವು ಸಹಜವೆಂಬಂತೆ ಸಂಭವಿಸುವ ಕಥನರೀತಿಯನ್ನು ವಿಮರ್ಶಕರು ಮಾಂತ್ರಿಕ ವಾಸ್ತವತೆ ಎನ್ನುತ್ತಾರೆ. ಟಿ. ಎಸ್. ನಾಗಾಭರಣರ 'ನಾಗಮಂಡಲ' (1997) ಚಿತ್ರದಲ್ಲಿ ಸರ್ಪವು ಗಂಡನ ರೂಪವನ್ನು ತಾಳುತ್ತದೆ. ಆ ನೆಪದಲ್ಲಿ, ಹೆಣ್ಣಿನ ಶೀಲವನ್ನು ಮಾತ್ರ ಪರೀಕ್ಷೆಗೊಡ್ಡುವ ಸಮಾಜವು ಪ್ರಶ್ನೆಗೆ ಗುರಿಯಾಗುತ್ತದೆ. ನೇರವಾಗಿ ಆಡಲಾಗದ ಸತ್ಯಕ್ಕೆ ಅದ್ಭುತವು ಬಾಯಿಯಾಗುತ್ತದೆ.

'ಕಾಂತಾರ'ದ ಕಥೆ ಕಲ್ಪಿತವಾದರೂ ದೈವಾರಾಧನೆಯು ಕಲ್ಪಿತವಲ್ಲ. ದಕ್ಷಿಣ ಕನ್ನಡ ಹಾಗೂ ಉಡುಪಿ ಜಿಲ್ಲೆಗಳಲ್ಲಿ ನಲಿಕೆ, ಪಂಬದ, ಪರವ ಮೊದಲಾದ ಸಮುದಾಯಗಳವರು ದೈವದ ವೇಷ ಧರಿಸಿ ಕೋಲ ನಡೆಸುತ್ತಾರೆ. ಆಗ ಊರಿನ ಒಡೆಯನೂ ಕೈಮುಗಿದು ನಿಂತು ನುಡಿಯನ್ನು ಕೇಳುತ್ತಾನೆ. ಆದರೆ ಬಣ್ಣ ತೊಳೆದ ಮೇಲೆ? ರಾತ್ರಿ ದೊರೆತ ಗೌರವವು ಹಗಲಿಗೆ ಉಳಿಯುತ್ತಿರಲಿಲ್ಲ. ಚಿತ್ರವು ಬಿಡುಗಡೆಯಾದ ಮರುತಿಂಗಳು, 60 ವರ್ಷ ಮೀರಿದ ದೈವನರ್ತಕರಿಗೆ ತಿಂಗಳಿಗೆ 2,000 ರೂಪಾಯಿ ಮಾಸಾಶನ ನೀಡುವುದಾಗಿ ರಾಜ್ಯ ಸರ್ಕಾರವು ಪ್ರಕಟಿಸಿತು. ಹಣವನ್ನು ಸರ್ಕಾರ ಕೊಟ್ಟೀತು. ಹಗಲಿನ ಗೌರವವನ್ನು ಕೊಡಬೇಕಾದವರು ನೆರೆಹೊರೆಯವರೇ.

ಇದನ್ನೇ ಮಗನಿಗೆ ವಿವರಿಸುತ್ತ ಮನೆಗೆ ನಡೆದು ಬರುತ್ತಿದ್ದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಪ್ಪಾ, ನಮ್ಮ ಮನೆಗೆಲಸದ ಅಕ್ಕನ ಲೋಟ ಮಾತ್ರ ಅಡುಗೆಮನೆಯ ಕಿಟಕಿಯ ಮೇಲೆ ಬೇರೆಯಾಗಿ ಏಕಿದೆ?" ಎಂದು ಕೇಳಿದನು.

ನನ್ನಲ್ಲಿ ಉತ್ತರವಿರಲಿಲ್ಲ. ಕಲಬುರಗಿಯ ಕಡೆಯಿಂದ ಕೆಲಸವನ್ನರಸಿ ಬಂದ ಆಕೆಯನ್ನು 'ಮನೆಯವರ ಹಾಗೆ' ಎನ್ನುತ್ತಿದ್ದೆವು. ಹಬ್ಬಕ್ಕೆ ಸೀರೆ ಕೊಡುತ್ತಿದ್ದೆವು. ಆ ಲೋಟವನ್ನು ಬೇರೆಯಿಟ್ಟವರು ಯಾರೆಂದು ಯಾರಿಗೂ ನೆನಪಿಲ್ಲ. ತೆಗೆಯಬೇಕೆಂದು ಯಾರಿಗೂ ತೋಚಿರಲೂ ಇಲ್ಲ. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 17ನೆಯ ವಿಧಿಯು ಅಸ್ಪೃಶ್ಯತೆಯನ್ನು ರದ್ದುಗೊಳಿಸಿದೆ. ಅದು ನಮ್ಮ ಕಿಟಕಿಯ ತನಕ ಬಂದಿರಲಿಲ್ಲ. ತೆರೆಯ ಮೇಲಿನ ಒಡೆಯನನ್ನು ಕಂಡು ಕೆರಳಿದ ನಾನು, ನನ್ನ ಮನೆಯೊಳಗೆ ಅವನ ಪಕ್ಷದಲ್ಲಿಯೇ ಇದ್ದೆ.

ಮರುದಿನ ಬೆಳಿಗ್ಗೆ ನಾವು ಕುಡಿಯುವ ಲೋಟದಲ್ಲಿಯೇ ಆಕೆಗೆ ಕಾಫಿ ಕೊಟ್ಟೆ. "ಇದ್ಯಾಕ್ರೀ ಅಣ್ಣಾರ? ನನ್ನ ಲೋಟ ಐತಲ್ರಿ" ಎಂದು ಆಕೆ ಹಿಂಜರಿದರು. "ಇನ್ನು ಮೇಲೆ ಇದೇ ಇರಲಿ, ಅಮ್ಮಾ" ಎಂದೆ. ನನ್ನ ದನಿ ನಾಚಿಕೆಯಿಂದ ತಗ್ಗಿತ್ತು. ಆಕೆ ನಿಂತೇ ಕುಡಿದು, ಲೋಟವನ್ನು ತೊಳೆದು, ಅಭ್ಯಾಸಬಲದಿಂದ ಕಿಟಕಿಯ ಮೇಲೆಯೇ ಇಟ್ಟು ಹೋದರು.

ಮಗನು ಅದನ್ನು ತೆಗೆದು ಉಳಿದ ಲೋಟಗಳ ಸಾಲಿನಲ್ಲಿ ಇರಿಸಿದನು.