ಮೇಲೆ ಲಾಡ್ಜು, ಕೆಳಗೆ ಹೋಟೆಲು

‘ಹೋಟೆಲಿಗೆ ಹೋಗೋಣವಾ?’ ಎಂದು ಕನ್ನಡದಲ್ಲಿ ಯಾರಾದರೂ ಕೇಳಿದರೆ ಹಾಸಿಗೆ ದಿಂಬು ನೆನಪಾಗುವುದಿಲ್ಲ. ಮಸಾಲೆ ದೋಸೆ ನೆನಪಾಗುತ್ತದೆ. ಮಲಗಲು ಇರುವುದು ಲಾಡ್ಜು. ಅದು ಬಸ್‌ಸ್ಟ್ಯಾಂಡಿನ ಎದುರೋ ದೇವಸ್ಥಾನದ ಹಿಂದೋ ಇರುತ್ತದೆ, ಅದರ ರುಚಿಯ ಬಗ್ಗೆ ಯಾರೂ ಚರ್ಚಿಸುವುದಿಲ್ಲ. ಇಂಗ್ಲಿಷ್ ಬಲ್ಲವರು ನಮ್ಮ ಈ ಬಳಕೆಯನ್ನು ತಪ್ಪೆಂದು ನಗುವುದುಂಟು. ಕತಾರಿನ ರಾಜಧಾನಿ ದೋಹಾದ ಮಟ್ಟಿಗಂತೂ ಈ ತಪ್ಪೇ ಸರಿ ಎಂಬುದು ನನ್ನ ವಾದ. ಬೆಂಗಳೂರಿನಿಂದ ಅಮೆರಿಕಕ್ಕೋ ಯುರೋಪಿಗೋ ಹೊರಟವರು ವಿಮಾನ ಬದಲಿಸುವ ಊರು ಅದು. ಮಗಳ ಮನೆಗೆ, ಮಗನ ಮನೆಗೆ ಹೊರಟ ಅಪ್ಪ ಅಮ್ಮಂದಿರು ನಡುವೆ ಒಂದೆರಡು ರಾತ್ರಿ ಅಲ್ಲೇ ತಂಗುವುದೂ ಇದೆ. ಕೋಣೆ ಕಾಯ್ದಿರಿಸುವಾಗ ಮನೆಮಂದಿಯೆಲ್ಲ ಮೊಬೈಲಿನ ಸುತ್ತ ಕೂತು ಈಜುಕೊಳದ ಚಿತ್ರ ನೋಡುತ್ತಾರೆ, ಮಂಚದ ಅಗಲ ಅಳೆಯುತ್ತಾರೆ. ಬಾಗಿಲು ದಾಟಿ ಹತ್ತು ನಿಮಿಷ ನಡೆದರೆ ತಿನ್ನಲು ಏನು ಸಿಗುತ್ತದೆ ಎಂದು ಕೇಳುವವರು ಕಡಿಮೆ. ಮೊದಲು ಕೇಳಬೇಕಾದದ್ದು ಅದನ್ನೇ.

ದೋಹಾದ ಕೊಲ್ಲಿಯ ಎರಡು ತುದಿಯಲ್ಲಿ ಎರಡು ಬಗೆಯ ಊರುಗಳಿವೆ. ಉತ್ತರದ ತುದಿ ವೆಸ್ಟ್ ಬೇ. ಸಮುದ್ರಕ್ಕೆ ಮಣ್ಣು ತುಂಬಿ ಮಾಡಿಕೊಂಡ ನೆಲ. ಅಮೆರಿಕದ ವಾಸ್ತುಶಿಲ್ಪಿ ವಿಲಿಯಂ ಪೆರೇರಾ ರೂಪಿಸಿದ ಪಿರಮಿಡ್ಡಿನಾಕಾರದ ಶೆರಟನ್ 1980ರ ದಶಕದ ಆರಂಭದಲ್ಲಿ ಅಲ್ಲಿ ಬಾಗಿಲು ತೆರೆದಾಗ ಸುತ್ತ ಹೆಚ್ಚುಕಡಿಮೆ ಬಯಲು. ಈಗ ಅದು ಗಾಜಿನ ಗೋಪುರಗಳ ಗುಂಪಿನಲ್ಲಿ ಕುಳ್ಳಗಿನ ಹಿರಿಯನಂತೆ ಕೂತಿದೆ. ಅಲ್ಲಿನ ಕೋಣೆಗಳಿಗೆ ಹೆಸರಿಡುವಂತಿಲ್ಲ, ಕಿಟಕಿ ತುಂಬ ಕಡಲು. ಆದರೆ ಕೆಳಗಿಳಿದರೆ ಎದುರಾಗುವುದು ಕಾರುಗಳಿಗೆಂದೇ ಹಾಸಿದ ಅಗಲ ರಸ್ತೆ. ಬರೀ ಒಂದು ಲೋಟ ಚಹಾಕ್ಕಾಗಿ ಅದನ್ನು ದಾಟಲು ಮನಸ್ಸಾಗುವುದಿಲ್ಲ. ಹಾಗಾಗಿ ಲಿಫ್ಟು ಕೋಣೆಯಿಂದ ಊಟದ ಹಾಲಿಗೂ ಅಲ್ಲಿಂದ ಮತ್ತೆ ಕೋಣೆಗೂ ಮುಟ್ಟಿಸುತ್ತದೆ. ದಕ್ಷಿಣದ ತುದಿ ಹಳೆಯ ಊರು. ಏಳು ಕಿಲೋಮೀಟರಿನ ಕಡಲದಂಡೆಯ ರಸ್ತೆ ಕಾರ್ನಿಶ್ ಮುಗಿಯುವ ಕಡೆ ಸೂಕ್ ವಾಕಿಫ್ ಎಂಬ ಪೇಟೆ. ವಾಕಿಫ್ ಎಂದರೆ ನಿಂತದ್ದು. ಒಂದು ಕಾಲಕ್ಕೆ ಸಮುದ್ರದ ನೀರು ಪೇಟೆಯವರೆಗೂ ನುಗ್ಗುತ್ತಿದ್ದುದರಿಂದ ವ್ಯಾಪಾರಿಗಳು ನಿಂತುಕೊಂಡೇ ಮಾರುತ್ತಿದ್ದರು, ಅದಕ್ಕೇ ಈ ಹೆಸರು ಎನ್ನುತ್ತಾರೆ. ಈ ಪೇಟೆಯ ಗಲ್ಲಿಗಳ ನಡುವೆಯೇ ಸಣ್ಣ ಸಣ್ಣ ವಸತಿಗೃಹಗಳಿವೆ. ಅಲ್ಲಿ ಇಳಿದುಕೊಂಡವರಿಗೆ ಮೆಟ್ಟಿಲು ಇಳಿದರೆ ಸಂತೆ.

ಸಂಜೆ ಆ ಸಂತೆಯಲ್ಲಿ ರೆಗಾಗ್ ಬೇಯಿಸುವುದನ್ನು ನೋಡಬೇಕು. ಬುರ್ಖಾ ತೊಟ್ಟ ಹೆಂಗಸು ದುಂಡಗಿನ ಕಾದ ಹೆಂಚಿನ ಮುಂದೆ ಕೂತಿರುತ್ತಾಳೆ. ಕೈಯಲ್ಲಿ ಜಿಗುಟಾದ ಹಿಟ್ಟಿನ ಉಂಡೆ. ಅದನ್ನು ಲಟ್ಟಿಸುವುದಿಲ್ಲ, ಹೊಯ್ಯುವುದೂ ಇಲ್ಲ. ಹೆಂಚಿನ ಮೇಲೆ ಒರೆಸುತ್ತಾಳೆ. ಉಂಡೆ ಕೈಗೇ ವಾಪಸು ಬರುತ್ತದೆ, ಹೆಂಚಿಗೆ ಅಂಟಿ ಉಳಿದ ತೆಳು ಪೊರೆಯೇ ರೊಟ್ಟಿ. ಮೇಲೊಂದು ಮೊಟ್ಟೆ ಒಡೆದೋ ಚೀಸ್ ಸವರಿಯೋ ಮಡಚಿ ಕೊಡುತ್ತಾಳೆ. ಕೊಂಡವರು ಚೂರು ಉದುರಿಸುತ್ತ ಮುಂದೆ ಹೋದರೆ ಒಂಟಿ ಚಕ್ರದ ಕೈಗಾಡಿ ತಳ್ಳುತ್ತ ಮುದುಕನೊಬ್ಬ ದಾರಿ ಬಿಡಿಸಿಕೊಂಡು ಬರುತ್ತಾನೆ, ಗಿರಾಕಿಗಳ ಅಕ್ಕಿ, ಮಸಾಲೆ ಹೊರುವ ಆಳು. ಅವನನ್ನು ಅಲ್ಲಿ ಕರೆಯುವುದು ಹಮಾಲಿ ಎಂದು! ಹುಬ್ಬಳ್ಳಿಯ ಎಪಿಎಂಸಿಯಲ್ಲಿ ಮೂಟೆ ಹೊರುವವರನ್ನು ನಾವು ಕರೆಯುವುದೂ ಹಾಗೆಯೇ. ಹೊರುವವ ಎಂಬರ್ಥದ ಆ ಅರಬ್ಬಿ ಪದ ಎಂದೋ ನಮ್ಮಲ್ಲಿಗೆ ಬಂದು ಇಲ್ಲಿಯದೇ ಆಗಿಬಿಟ್ಟಿದೆ.

ನಮ್ಮ ಕಡೆಯಿಂದ ಅತ್ತ ಹೋದ ಪದವೂ ಒಂದಿದೆ. ದೋಹಾದ ಬೀದಿಯ ಚಹಾಕ್ಕೆ ಕರಕ್ ಎನ್ನುತ್ತಾರೆ. ನಮ್ಮ ಕಡಕ್ ಚಹಾದ ‘ಡ’ ಅರಬ್ಬಿ ನಾಲಿಗೆಯಲ್ಲಿ ‘ರ’ ಆಗಿದೆ, ಅಷ್ಟೇ. ಡಬ್ಬಿಯ ಗಟ್ಟಿಹಾಲು, ಏಲಕ್ಕಿ, ಧಾರಾಳ ಸಕ್ಕರೆ. ಬಣ್ಣ ಕೆಂಪಾಗುವ ತನಕ ಕುದಿ. ಮಾರುವ ಅಂಗಡಿಗೆ ಕೆಫೆಟೇರಿಯಾ ಎಂದು ದೊಡ್ಡ ಹೆಸರಿದ್ದರೂ ಇರುವುದು ಒಂದು ಕೌಂಟರು, ಮಲಯಾಳ ಮಾತಾಡುವ ನಾಲ್ಕು ಜನ. ಕಾರು ಬಂದು ಹಾರನ್ ಒತ್ತುತ್ತದೆ, ಹುಡುಗ ಓಡಿಹೋಗಿ ಕಿಟಕಿಗೆ ತಲೆ ಕೊಟ್ಟು ಕೇಳಿಕೊಳ್ಳುತ್ತಾನೆ, ಕಾಗದದ ಲೋಟಗಳನ್ನು ಹಿಡಿದು ಮತ್ತೆ ಓಡುತ್ತಾನೆ. ಒಳಗೆ ಕೂತವನು ಬಿಳಿ ನಿಲುವಂಗಿಯ ಕತಾರಿಯೂ ಆಗಿರಬಹುದು, ನೇಪಾಳದ ಚಾಲಕನೂ ಆಗಿರಬಹುದು. ಭಾರತದೊಂದಿಗಿನ ಈ ಬಾಂಧವ್ಯ ಎಣ್ಣೆ, ಅನಿಲದ ದುಡ್ಡಿನ ಕಾಲಕ್ಕಿಂತ ಹಳೆಯದು. 1966ರವರೆಗೂ ಕತಾರಿನಲ್ಲಿ ಓಡುತ್ತಿದ್ದುದು ರೂಪಾಯಿಯೇ. ಕೊಲ್ಲಿ ನಾಡುಗಳಿಗೆಂದೇ ರಿಸರ್ವ್ ಬ್ಯಾಂಕು 1959ರಲ್ಲಿ ಬೇರೆ ನೋಟು ಅಚ್ಚು ಹಾಕಿಸಿತ್ತು. 1966ರ ಅಪಮೌಲ್ಯದ ನಂತರ ಅವರು ರೂಪಾಯಿ ಬಿಟ್ಟರು, ಚಹಾ ಬಿಡಲಿಲ್ಲ. ಇಷ್ಟು ಸಂಗತಿಯನ್ನು ಒಂದು ಲೋಟ ಹೇಳುತ್ತದೆ. ಬೆಳಗಿನ ಬಫೆಯ ಮೂವತ್ತು ಪಾತ್ರೆ ಹೇಳುವುದಿಲ್ಲ.

ನನ್ನ ವಾದಕ್ಕೆ ಆಕ್ಷೇಪಗಳಿವೆ, ಹಗುರವಾದವೂ ಅಲ್ಲ. ಮೊದಲನೆಯದು ಬಿಸಿಲು. ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರೂವರೆಯ ತನಕ ಬಯಲಲ್ಲಿ ಕೆಲಸ ಮಾಡಿಸಬಾರದೆಂದು ಅಲ್ಲಿನ ಕಾನೂನೇ ಹೇಳುವಾಗ ಪ್ರವಾಸಿ ಯಾಕೆ ಬೇಯಬೇಕು? ಬೇಯಬೇಕಿಲ್ಲ. ಪೇಟೆಯ ಅಂಗಡಿಗಳೇ ಮಧ್ಯಾಹ್ನ ಬಾಗಿಲು ಎಳೆದುಕೊಳ್ಳುತ್ತವೆ; ಆಗ ಕೋಣೆಯ ಏಸಿಯೇ ಪರಮಸುಖ. ಊರು ಮತ್ತೆ ಎದ್ದಾಗ ನಾವೂ ಎದ್ದರಾಯಿತು. ಎರಡನೆಯದು, ಮದ್ಯಕ್ಕೆ ಪರವಾನಗಿ ಇರುವುದು ಮುಖ್ಯವಾಗಿ ದೊಡ್ಡ ಹೋಟೆಲುಗಳಿಗೆ. ರಂಜಾನಿನ ಹಗಲಲ್ಲಿ ಹೊರಗೆ ತಿನ್ನುವಂತೆಯೂ ಇಲ್ಲ. ನಿಜ. ಗ್ಲಾಸು ಬೇಕೇಬೇಕೆನ್ನುವವರಿಗೆ ನನ್ನ ವಾದ ಒಗ್ಗದು. ರಂಜಾನಿನಲ್ಲಾದರೋ ಸೂರ್ಯ ಮುಳುಗಿದ ಮೇಲೆ ಬೀದಿಗೇ ಹಬ್ಬ. ಮೂರನೆಯದು ಸಸ್ಯಾಹಾರಿಗಳ ಚಿಂತೆ. ಅದಕ್ಕೆ ಉತ್ತರ ಒಂದು ಮೆಟ್ರೋ ಟಿಕೆಟ್ಟು. ಮೂರು ಮಾರ್ಗಗಳು ಕೂಡುವ ಮುಶೈರಿಬ್ ನಿಲ್ದಾಣದಿಂದ ಹಸಿರು ಮಾರ್ಗದಲ್ಲಿ ಮನ್ಸೂರಾದಲ್ಲಿ ಇಳಿದರೆ ಸುತ್ತಮುತ್ತ ಇಡ್ಲಿ ಸಾಂಬಾರಿನ ವಾಸನೆಗೆ ಕೊರತೆಯಿಲ್ಲ.

ಗಟ್ಟಿಯಾದ ಆಕ್ಷೇಪ ಕೊನೆಯದು: ಸೂಕ್ ವಾಕಿಫ್ ಹಳೆಯದೇ ಅಲ್ಲ, ಹಳೆಯದರಂತೆ ಕಟ್ಟಿದ್ದು. 2003ರ ಬೆಂಕಿಯ ನಂತರ ಸಿಮೆಂಟಿನ ಕಟ್ಟಡಗಳನ್ನು ತೆಗೆದು, ಮಣ್ಣು ಮೆತ್ತಿ, ಮರದ ತೊಲೆ ಹೊರಚಾಚಿಸಿ ಪೇಟೆಗೆ ಹಿಂದಿನ ರೂಪ ತೊಡಿಸಿದ್ದು ಹೌದು. ಗೋಡೆ ನೋಡಲು ಹೋದವರಿಗೆ ಇದು ಮೋಸವೆನಿಸಬಹುದು. ಆದರೆ ಹಮಾಲಿಯ ಬೆನ್ನು ಯಾರೂ ತೊಡಿಸಿದ ವೇಷವಲ್ಲ, ಹೆಂಚಿನ ಮೇಲೆ ಒರೆಸುವ ಅಂಗೈಯೂ ಅಲ್ಲ. ಅಲ್ಲಿಗೆ ಅಕ್ಕಿ ಕೊಳ್ಳಲು ಬರುವ ಸ್ಥಳೀಯರು ಪ್ರವಾಸಿಗಳಿಗಾಗಿ ಬರುವುದಿಲ್ಲ. ಗೋಡೆಗೆ ಬಣ್ಣ ಬಳಿದರೆಂದು ನಾವು ಹಳೆಯ ಹೋಟೆಲಿನ ದೋಸೆ ಬಿಡುತ್ತೇವೆಯೇ?

ಆದ್ದರಿಂದ ಕೋಣೆ ಸುಮ್ಮನೆ ಶುಚಿಯಾಗಿರಲಿ, ತಣ್ಣಗಿರಲಿ, ಪೇಟೆಯ ಮಗ್ಗುಲಲ್ಲಿರಲಿ. ಎಷ್ಟೇ ನಕ್ಷತ್ರವಿರಲಿ, ನಮ್ಮ ಭಾಷೆಯ ಲೆಕ್ಕದಲ್ಲಿ ಅದು ಲಾಡ್ಜು. ಹೋಟೆಲು ಕೆಳಗಿದೆ, ಅಲ್ಲಿ ಹಾಲು ಉಕ್ಕುತ್ತಿದೆ, ಹೊರಗೆ ಯಾರೋ ಹಾರನ್ ಒತ್ತುತ್ತಿದ್ದಾರೆ.