ನನ್ನ ತಲೆಹೊಟ್ಟು, ಅವಳ ಜಡೆ: ಬೋಧನಾಭ್ಯಾಸದ ಒಂದು ಅನುಭವ

ಎರಡನೆಯ ವರ್ಷದ ಬಿ.ಇಡಿ. ಇಂಟರ್ನ್‌ಶಿಪ್‌ಗೆ ನನಗೆ ಸಿಕ್ಕಿದ್ದು ನವಿಲುತೀರ್ಥದ ಹತ್ತಿರದ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಗುಡ್ಡಗಳ ನಡುವೆ ಮಲಪ್ರಭೆಗೆ ಅಡ್ಡಲಾಗಿ ಕಟ್ಟಿದ ಅಣೆಕಟ್ಟು, ಅದರ ಹಿಂದೆ ರೇಣುಕಾ ಸಾಗರ. ನಾವು ಹೋದದ್ದು ನವೆಂಬರ್ ಮೊದಲ ವಾರ. ಮಳೆಗಾಲ ಮುಗಿದು ಒಣ ಗಾಳಿ ಬೀಸಲು ಶುರುವಾಗಿತ್ತು. ಈ ಗಾಳಿ ಶುರುವಾದರೆ ನನ್ನ ತಲೆಯ ತುರಿಕೆಯೂ ಶುರುವಾಗುತ್ತದೆ. ಮೂರು ವರ್ಷಗಳಿಂದ ಹೀಗೇ ಇತ್ತು. ಆದರೆ ಅದು ನನ್ನ ಬೋಧನೆಗೆ ಸಂಬಂಧಿಸಿದ ವಿಷಯವೆಂದು ನಾನು ಎಂದೂ ಎಣಿಸಿರಲಿಲ್ಲ.

ಶನಿವಾರದ ಆರೋಗ್ಯ ತಾಸಿಗೆ ಆರನೆಯ ತರಗತಿಯಲ್ಲಿ ‘ವೈಯಕ್ತಿಕ ಸ್ವಚ್ಛತೆ’ ಪಾಠ ಮಾಡಬೇಕಿತ್ತು. ಪಾಠಯೋಜನೆ ಅಚ್ಚುಕಟ್ಟಾಗಿತ್ತು. ಐದು ಪೀಠಿಕಾ ಪ್ರಶ್ನೆಗಳು, ಒಂದು ದೊಡ್ಡ ಚಾರ್ಟು. ಚಾರ್ಟಿನ ಎಡಭಾಗದಲ್ಲಿ ಸ್ವಚ್ಛ ಹುಡುಗಿ, ಬಲಭಾಗದಲ್ಲಿ ಕೊಳಕು ಹುಡುಗಿ. ಕೊಳಕು ಹುಡುಗಿಯ ತಲೆ ಮೇಲೆ ಬಿಳಿ ಚುಕ್ಕೆಗಳನ್ನು ನಾನೇ ಮನಸ್ಸಿಟ್ಟು ಇಟ್ಟಿದ್ದೆ. “ದಿನಾಲೂ ಸ್ನಾನ ಮಾಡದವರಿಗೆ ತಲೆಹೊಟ್ಟು ಮತ್ತು ಕಜ್ಜಿ ಬರುತ್ತವೆ” ಎಂದು ಕಪ್ಪುಹಲಗೆಯ ಮೇಲೆ ಬರೆದು ತಿರುಗಿದೆ. ಮುಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತಿದ್ದ.

“ಅಕ್ಕೋರ, ಹಂಗಾದ್ರ ನೀವೂ ದಿನಾ ಜಳಕಾ ಮಾಡೂದಿಲ್ಲೇನ್ರಿ?”

ನಮ್ಮ ಕಾಲೇಜಿನ ಸಮವಸ್ತ್ರ ಕಡು ನೀಲಿ ಸೀರೆ. ಹೆಗಲ ಮೇಲೆ ಹೊಟ್ಟು ಹಿಟ್ಟು ಉದುರಿಸಿದ ಹಾಗೆ ಬಿದ್ದಿತ್ತು. ಹುಡುಗನ ಮುಖದಲ್ಲಿ ಚೇಷ್ಟೆ ಇರಲಿಲ್ಲ. ಹಲಗೆಯ ಮೇಲೆ ಬರೆದದ್ದನ್ನೂ ಕಣ್ಣಿಗೆ ಕಂಡದ್ದನ್ನೂ ಕೂಡಿಸಿ ಕೇಳಿದ್ದ, ಅಷ್ಟೆ. ತರಗತಿಯೆಲ್ಲ ನಕ್ಕಿತು. ನಾನು “ಕೂಡು, ಕೂಡು” ಎಂದು ಮುಂದಿನ ಹಂತಕ್ಕೆ ಹೋದೆ. ನಗದೆ ಇದ್ದವಳು ಒಬ್ಬಳೇ, ಕಿಟಕಿಯ ಪಕ್ಕ ತಲೆಗೆ ಓಢಣಿ ಸುತ್ತಿಕೊಂಡು ಕೂತಿದ್ದ ಹುಡುಗಿ. ಅವಳು ಕೆಳಗೆ ನೋಡುತ್ತಿದ್ದಳು.

ಹಿಂದೆ ಕೂತು ಪಾಠ ವೀಕ್ಷಿಸಿದ ಮಾರ್ಗದರ್ಶಕ ಉಪನ್ಯಾಸಕರು ನನ್ನ ದಾಖಲೆ ಪುಸ್ತಕದಲ್ಲಿ ಎರಡೇ ಸಾಲು ಬರೆದಿದ್ದರು: “ವಿದ್ಯಾರ್ಥಿಯ ಪ್ರಶ್ನೆಗೆ ಉತ್ತರಿಸಲಿಲ್ಲ. ವಿಷಯಜ್ಞಾನ ಪರಿಶೀಲಿಸಿಕೊಳ್ಳಿ.” ಮೊದಲನೆಯದು ನನಗೆ ಅರ್ಥವಾಯಿತು. ಎರಡನೆಯದಕ್ಕೆ ಸಿಟ್ಟು ಬಂತು. ಸ್ವಚ್ಛತೆಯ ಪಾಠದಲ್ಲಿ ಪರಿಶೀಲಿಸಿಕೊಳ್ಳುವುದೇನಿದೆ?

ನಾನು ದಿನಾಲೂ ಸ್ನಾನ ಮಾಡುವವಳು. ಮೂರು ವರ್ಷಗಳಲ್ಲಿ ತಲೆಗೆ ಏನೆಲ್ಲ ಹಚ್ಚಿದ್ದೆ ಎಂದು ನೆನೆಸಿದರೆ ಈಗ ನಗು ಬರುತ್ತದೆ. ನಿಂಬೆರಸ ಹಚ್ಚಿದೆ, ಉರಿ ಹತ್ತಿತು. ಹುಳಿಮೊಸರು ಹಚ್ಚಿದೆ, ಮೆಂತ್ಯ ಅರೆದು ಹಚ್ಚಿದೆ. ಅವ್ವ ವಾರಕ್ಕೆರಡು ಸಲ ಕೊಬ್ಬರಿ ಎಣ್ಣೆ ಬಿಸಿ ಮಾಡಿ ತಿಕ್ಕಿ, ರಾತ್ರಿಯೆಲ್ಲ ಹಾಗೇ ಬಿಡುತ್ತಿದ್ದಳು. ಆಮೇಲೆ ಯಾರೋ ಹೇಳಿದರೆಂದು ಔಷಧದ ಅಂಗಡಿಯಿಂದ ಚೀಟಿ ಇಲ್ಲದೆ ಒಂದು ಮುಲಾಮು ತಂದು ಹಣೆಯ ಅಂಚಿಗೆ ಹಚ್ಚಿದೆ. ನಾಲ್ಕು ದಿನದಲ್ಲಿ ಕೆಂಪು ಮಾಯವಾಯಿತು. ಬಿಟ್ಟ ಮೇಲೆ ಎರಡು ಪಟ್ಟಾಗಿ ಬಂತು. ಮತ್ತೆ ಹಚ್ಚಿದೆ, ಮತ್ತೆ ಬಂತು. ಇದನ್ನೆಲ್ಲ ಗುಟ್ಟಾಗಿ ಮಾಡುತ್ತಿದ್ದೆ. ಏಕೆಂದರೆ ನಾನು ಮಕ್ಕಳಿಗೆ ಬರೆದು ತೋರಿಸಿದ ಮಾತನ್ನೇ ನಾನೂ ನಂಬಿದ್ದೆ. ಹೊಟ್ಟು ಎಂದರೆ ಕೊಳಕು, ಕೊಳಕು ಎಂದರೆ ನನ್ನ ತಪ್ಪು.

ಆ ಹುಡುಗನ ಪ್ರಶ್ನೆಯ ಮರುವಾರ ಧಾರವಾಡ ಹಾದು ಹುಬ್ಬಳ್ಳಿಯ ಕಿಮ್ಸ್‌ನ ಚರ್ಮರೋಗ ವಿಭಾಗಕ್ಕೆ ಹೋದೆ. ಸರದಿ ದೊಡ್ಡದಿತ್ತು. ಡಾಕ್ಟರ್ ನೆತ್ತಿ, ಕಿವಿಯ ಹಿಂಭಾಗ, ಹುಬ್ಬು, ಮೂಗಿನ ಪಕ್ಕ ನೋಡಿದರು. ಮೊಣಕೈ ಮೊಣಕಾಲು ತೋರಿಸಲು ಹೇಳಿದರು. ಸೋರಿಯಾಸಿಸ್ ಆಗಿದ್ದರೆ ಅಲ್ಲಿಯೂ ದಪ್ಪನೆಯ ಬೆಳ್ಳಿ ಬಣ್ಣದ ಪದರು ಕಾಣಬಹುದು ಎಂದರು. ನನ್ನದು ಅದಲ್ಲ, ಸೆಬೊರಿಕ್ ಡರ್ಮಟೈಟಿಸ್. ಎಣ್ಣೆಯ ಗ್ರಂಥಿಗಳು ಹೆಚ್ಚಿರುವ ಕಡೆ ಬರುವ ಉರಿಯೂತ. ಮಲಸೇಜಿಯಾ ಎಂಬ ಸೂಕ್ಷ್ಮ ಶಿಲೀಂಧ್ರ ಎಲ್ಲರ ಚರ್ಮದ ಮೇಲೂ ಇರುತ್ತದೆ, ಅದು ಬದುಕುವುದೇ ಜಿಡ್ಡಿನಿಂದ. ಕೆಲವರ ಚರ್ಮ ಅದಕ್ಕೆ ಕೆರಳುತ್ತದೆ. ಚಳಿಗಾಲದಲ್ಲಿ, ಒತ್ತಡದಲ್ಲಿ ಹೆಚ್ಚಾಗುತ್ತದೆ. ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಕೊಳೆಯಿಂದ ಬಂದದ್ದೂ ಅಲ್ಲ.

“ರಾತ್ರಿಯೆಲ್ಲ ಎಣ್ಣೆ ಬಿಡೋದು ನಿಲ್ಲಿಸಿ. ಅದು ಅದಕ್ಕೆ ಊಟ ಹಾಕಿದ ಹಾಗೆ,” ಎಂದರು. ಮುಲಾಮಿನ ಕೊಳವೆ ತೋರಿಸಿದಾಗ ಅದರಲ್ಲಿ ಸ್ಟಿರಾಯ್ಡ್ ಇದೆ, ವೈದ್ಯರು ಹೇಳದೆ ಮುಖಕ್ಕೆ ಹಚ್ಚುತ್ತ ಹೋದರೆ ಚರ್ಮ ತೆಳುವಾಗುತ್ತದೆ ಎಂದು ಪಕ್ಕಕ್ಕಿಟ್ಟರು. ಬರೆದುಕೊಟ್ಟದ್ದು ಶೇ. 2ರ ಕೀಟೋಕೋನಜೋಲ್ ಶಾಂಪೂ. ವಾರಕ್ಕೆ ಎರಡು ಸಲ, ನಾಲ್ಕು ವಾರ. ಕೂದಲಿಗಲ್ಲ, ನೆತ್ತಿಯ ಚರ್ಮಕ್ಕೆ ತಾಗುವಂತೆ ಹಚ್ಚಿ ಐದು ನಿಮಿಷ ಬಿಟ್ಟು ತೊಳೆಯಬೇಕು. “ಪೂರ್ತಿ ಹೋಗಿಬಿಡುವ ರೋಗ ಇದಲ್ಲ. ಹಿಡಿತದಲ್ಲಿ ಇಟ್ಟುಕೊಳ್ಳಬಹುದು.” ಹದಿನೈದು ದಿನಗಳಲ್ಲಿ ನೀಲಿ ಸೀರೆಯ ಹೆಗಲು ನೀಲಿಯಾಗಿಯೇ ಉಳಿಯತೊಡಗಿತು.

ಇಲ್ಲಿಯವರೆಗೆ ಇದು ನನ್ನೊಬ್ಬಳ ಕಥೆ. ನಾನು ಎರಡನೆಯ ತಪ್ಪು ಮಾಡಿದ್ದು ಇಲ್ಲಿಂದ ಮುಂದೆ.

ಬಿಸಿಯೂಟದ ಹೊತ್ತಿನಲ್ಲಿ ನಳದ ಹತ್ತಿರ ಆ ಓಢಣಿಯ ಹುಡುಗಿ ಒಬ್ಬಳೇ ನಿಂತಿದ್ದಳು. ಓಢಣಿಯ ಅಂಚಿನಲ್ಲಿ ಹೊಟ್ಟು ಕಂಡಿತು. ಕೇಳಿದಾಗ ಮೆಲ್ಲಗೆ, “ನಂದೂ ನಿಮ್ಮಂಗ ಐತ್ರಿ ಅಕ್ಕೋರ” ಎಂದಳು. ನನಗೆ ಕರುಳು ಚುರುಕ್ ಎಂದಿತು. ಮರುದಿನ ನನ್ನ ಶಾಂಪೂವನ್ನು ಸಣ್ಣ ಶೀಶೆಗೆ ಸುರಿದು ಅವಳಿಗೆ ಕೊಟ್ಟೆ, ಐದು ನಿಮಿಷದ ಲೆಕ್ಕವನ್ನೂ ಹೇಳಿಕೊಟ್ಟೆ. ಓಢಣಿ ತೆಗೆಸಿ ನೋಡಲಿಲ್ಲ. ಮನೆಯವರನ್ನು ಕೇಳಲಿಲ್ಲ. ಒಳ್ಳೆಯದು ಮಾಡುತ್ತಿದ್ದೇನೆ ಎಂಬ ಸಮಾಧಾನ ಅಷ್ಟಿತ್ತು.

ಎರಡು ವಾರ ಕಳೆದರೂ ಅವಳು ಓಢಣಿ ತೆಗೆಯಲಿಲ್ಲ. “ಉರೀತೈತ್ರಿ” ಎಂದಳು. ಆಗ ಮುಖ್ಯಗುರುಮಾತೆಯವರ ಕೋಣೆಯಲ್ಲಿ ಅವಳ ತಲೆ ನೋಡಿದೆವು. ಬಲಗಿವಿಯ ಮೇಲೆ ಹಳೆಯ ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಕೂದಲು ಉದುರಿತ್ತು. ಬುಡದಲ್ಲೇ ಮುರಿದ ಕೂದಲು ಕಪ್ಪು ಚುಕ್ಕೆಗಳ ಹಾಗೆ ಕಾಣುತ್ತಿತ್ತು. ಸುತ್ತ ಹಕ್ಕಳೆ. ಅದರ ಪಕ್ಕದ ಕೂದಲು ಹಕ್ಕಳೆಗೆ ಅಂಟಿ, ಬೆರಳು ದಪ್ಪದ ಒಂದು ಗಂಟಾಗಿತ್ತು. ಬಾಚಿದರೆ ನೋಯುತ್ತದೆಂದು ಅವಳು ಬಾಚುವುದನ್ನೇ ಬಿಟ್ಟಿದ್ದಳು.

ಮುಖ್ಯಗುರುಮಾತೆಯವರು ಮೊದಲು ನನಗೆ ಬುದ್ಧಿ ಹೇಳಿದರು. “ಮನಿಯವರಿಗೆ ಕೇಳದ ಮಕ್ಕಳಿಗೆ ಔಷಧ ಕೊಡಬಾರದು. ನಿನ್ನ ಚೀಟಿ ನಿನಗಷ್ಟ ಬರದದ್ದು.” ಆಮೇಲೆ ಹುಡುಗಿಯ ಆಯಿಯನ್ನು ಕರೆಸಿದರು. ತಂದೆ ತಾಯಿ ದುಡಿಯಲು ಹೋಗಿದ್ದರಿಂದ ಇಬ್ಬರು ಮೊಮ್ಮಕ್ಕಳನ್ನು ನೋಡಿಕೊಳ್ಳುತ್ತಿದ್ದವರು ಆಯಿಯೇ.

“ಅದಕ ಕೈ ಹಚ್ಚಬ್ಯಾಡ್ರಿ ಅಕ್ಕೋರ,” ಎಂದರು ಆಯಿ. “ಅಮ್ಮನ ಜಡಿ ಮೂಡಾಕ ಹತ್ತೈತಿ. ಬನದ ಹುಣ್ಣಿವಿಗೆ ಗುಡ್ಡಕ್ಕ ಕರಕೊಂಡ ಹೋಗಿ ತೋರಿಸಬೇಕಂತ ಮಾಡೇನಿ.”

ಸವದತ್ತಿ ಸೀಮೆಯವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಕೂದಲು ಗಂಟುಗಟ್ಟಿದರೆ ಅದು ಎಲ್ಲಮ್ಮನ ಕರೆ ಎಂಬ ನಂಬಿಕೆ ಇಲ್ಲಿ ಹಳೆಯದು. ಆ ಗಂಟನ್ನು ಬಾಚಬಾರದು, ಕತ್ತರಿಸಬಾರದು. ಇದೇ ಕಾರಣಕ್ಕೆ ಎಷ್ಟೋ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿದ್ದೂ ಉಂಟು. ಈ ಭಾಗ ಮುಂಬಯಿ ಪ್ರಾಂತ್ಯದಲ್ಲಿದ್ದಾಗ 1934ರಲ್ಲಿ ಒಂದು ಕಾಯ್ದೆ ಬಂತು. 1982ರಲ್ಲಿ ಕರ್ನಾಟಕದ್ದೇ ದೇವದಾಸಿ ನಿಷೇಧ ಕಾಯ್ದೆ ಬಂತು. ಮಹಾರಾಷ್ಟ್ರದಲ್ಲಿ ಅಂಧಶ್ರದ್ಧಾ ನಿರ್ಮೂಲನ ಸಮಿತಿಯ ಕಾರ್ಯಕರ್ತೆಯರು ಇಂಥ ಜಡೆ ಹೊತ್ತ ಹೆಂಗಸರನ್ನು ಒಪ್ಪಿಸಿ ಜಡೆ ತೆಗೆಯುವ ಕೆಲಸ ಮಾಡುತ್ತ ಬಂದಿದ್ದಾರೆ. ಇದನ್ನೆಲ್ಲ ನಾನು ಓದಿದ್ದೆ. ಓದಿದ್ದು ಬಾಯಿಯವರೆಗೂ ಬಂತು. ಕಾಯ್ದೆಯ ಮಾತು ಎತ್ತುವಷ್ಟರಲ್ಲಿ ಮುಖ್ಯಗುರುಮಾತೆಯವರು ನನ್ನ ಮೊಣಕೈ ಒತ್ತಿದರು.

“ಆಯಿ, ಜಡಿ ಮಾತು ಆಮ್ಯಾಲ ನೋಡೂನು. ಹುಡುಗಿಗಿ ತಲಿ ನೋಯತೈತೋ ಇಲ್ಲೋ?”

ಆಯಿ ಸ್ವಲ್ಪ ಹೊತ್ತು ಸುಮ್ಮನಿದ್ದರು. “ನೋಯತೈತ್ರಿ. ರಾತ್ರಿಯೆಲ್ಲಾ ತುರಸಕೋತಾಳ. ದಿಂಬಿಗೆಲ್ಲಾ ರಕ್ತ.”

“ಅಮ್ಮ ಕೂಸಿಗಿ ನೋವು ಕೊಡ್ತಾಳೇನು? ನೋವಿಗಷ್ಟ ಔಷಧ ತರೂನು. ಜಡಿಗಿ ಯಾರೂ ಕತ್ತರಿ ಹಚ್ಚೂದಿಲ್ಲ.”

ಆಯಿ ಒಪ್ಪಿದರು. ಮುಖ್ಯಗುರುಮಾತೆಯವರು ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡದ ವೈದ್ಯರಿಗೆ ಫೋನ್ ಮಾಡಿದರು. ಶಾಲೆಗೆ ಬಂದು ಮಕ್ಕಳ ಆರೋಗ್ಯ ತಪಾಸಣೆ ಮಾಡುವ ಈ ಕಾರ್ಯಕ್ರಮ 2013ರಿಂದ ಇದೆ. ಮಕ್ಕಳ ಚರ್ಮದ ತೊಂದರೆಯೂ ಅದರ ವ್ಯಾಪ್ತಿಗೆ ಬರುತ್ತದೆ ಎಂಬುದು ನನಗೆ ತಿಳಿದದ್ದು ಅಂದೇ. ಅವರ ಚೀಟಿ ಹಿಡಿದು ಆಯಿ ಮತ್ತು ಹುಡುಗಿ ಧಾರವಾಡದ ಜಿಲ್ಲಾ ಆಸ್ಪತ್ರೆಗೆ ಹೋದರು, ಜೊತೆಗೆ ನಾನೂ ಹೋದೆ. ಅಲ್ಲಿ ಮುರಿದ ಕೂದಲು, ಹೊಟ್ಟು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಅವಳದು ನನ್ನ ಕಾಯಿಲೆ ಅಲ್ಲವೇ ಅಲ್ಲ. ನೆತ್ತಿಗೆ ಬಂದ ಗಜಕರ್ಣ. ಅದೂ ಶಿಲೀಂಧ್ರವೇ, ಆದರೆ ಬೇರೆ ಜಾತಿಯದು. ಅದು ಕೂದಲಿನ ಬುಡದೊಳಗೆ ಇಳಿದಿರುತ್ತದೆ, ಆದ್ದರಿಂದ ಮೇಲೆ ಹಚ್ಚುವ ಶಾಂಪೂ ಮಾತ್ರದಿಂದ ಹೋಗುವುದಿಲ್ಲ. ಹೊಟ್ಟೆಗೆ ಮಾತ್ರೆ ಬೇಕು. ಗ್ರಿಸಿಯೋಫುಲ್ವಿನ್ ಮಾತ್ರೆಯನ್ನು ಎಂಟು ವಾರ, ಹಾಲು ಅಥವಾ ಜಿಡ್ಡಿರುವ ಊಟದ ಜೊತೆ ಕೊಡಲು ಹೇಳಿದರು. ಇದು ಬಾಚಣಿಗೆ, ರಿಬ್ಬನ್, ಟೊಪ್ಪಿಗೆ, ಟವೆಲುಗಳಿಂದ ಹರಡುತ್ತದೆ. ಮನೆಯ ಮಕ್ಕಳನ್ನೆಲ್ಲ ನೋಡಬೇಕು ಎಂದರು. ನೋಡಿದಾಗ ಅವಳ ತಮ್ಮನ ನೆತ್ತಿಯಲ್ಲೂ ಇತ್ತು.

ನನ್ನದು ಹರಡುವುದಿಲ್ಲ, ಅವಳದು ಹರಡುತ್ತದೆ. ನನ್ನ ನೆತ್ತಿಗೆ ಎಣ್ಣೆ ಬೇಡ. ಅವಳ ಹಕ್ಕಳೆ ಮೆತ್ತಗಾಗಿ ಗಂಟು ಬಿಡಲು ಕೊಬ್ಬರಿ ಎಣ್ಣೆಯೇ ಬೇಕಾಯಿತು. ಹೊರಗಿನಿಂದ ಎರಡೂ ಒಂದೇ, ಬಿಳಿ ಹೊಟ್ಟು ಮತ್ತು ತುರಿಕೆ. ಕಾಲೇಜಿನಲ್ಲಿ ನಾವು ‘ನೈದಾನಿಕ ಪರೀಕ್ಷೆ’, ‘ಪರಿಹಾರ ಬೋಧನೆ’ ಎಂದು ಉತ್ತರ ಬರೆದು ಅಂಕ ಪಡೆದಿದ್ದೇವೆ. ಭಿನ್ನರಾಶಿಯ ಲೆಕ್ಕ ತಪ್ಪಿಸಿದ ಇಬ್ಬರು ಮಕ್ಕಳಿಗೆ ಕಾರಣ ಹುಡುಕದೆ ಒಂದೇ ಪರಿಹಾರ ಕೊಡಬಾರದು ಎಂದು ನಾನೇ ಸೆಮಿನಾರ್ ಮಾಡಿದ್ದೆ. ನಿದಾನ ಎಂಬ ಪದ ನಮಗೆ ವೈದ್ಯರಿಂದಲೇ ಬಂದದ್ದು ಎಂಬುದು ಶಾಂಪೂ ಶೀಶೆ ಕೊಡುವಾಗ ನನಗೆ ನೆನಪಾಗಲಿಲ್ಲ.

ಹರಡುವ ರೋಗ ಎಂದು ಗೊತ್ತಾದ ಕೂಡಲೇ ಅವಳ ಪಕ್ಕದವರು ಜಾಗ ಬದಲಿಸಿದರು. ಒಬ್ಬ ಪಾಲಕರು ಅವಳನ್ನು ಬೇರೆ ಕೂಡಿಸಿ ಎಂದು ಹೇಳಿ ಹೋದರು. ಚಿಕಿತ್ಸೆ ಶುರುವಾದ ಮೇಲೆ ಶಾಲೆ ಬಿಡಿಸಬೇಕಿಲ್ಲ, ಬಾಚಣಿಗೆ ಬಟ್ಟೆ ಹಂಚಿಕೊಳ್ಳದಿದ್ದರೆ ಸಾಕು ಎಂದು ವೈದ್ಯರು ಹೇಳಿದ್ದನ್ನು ಮುಖ್ಯಗುರುಮಾತೆಯವರು ಎಲ್ಲರಿಗೂ ತಿಳಿಸಿದರು. ಅದನ್ನು ಮಕ್ಕಳಿಗೆ ಮುಟ್ಟಿಸುವ ಕೆಲಸ ನನ್ನದಾಯಿತು. ಅದೇ ಆರೋಗ್ಯ ತಾಸಿನಲ್ಲಿ ಪಾಠವನ್ನು ಮತ್ತೆ ಮಾಡಿದೆ. ಈ ಸಲ ಕೊಳಕು ಹುಡುಗಿಯ ಚಾರ್ಟು ಇರಲಿಲ್ಲ. ಬೂಷ್ಟು ಹಿಡಿದ ಬ್ರೆಡ್ಡಿನ ಚೂರನ್ನು ಗಾಜಿನ ಡಬ್ಬಿಯಲ್ಲಿ ಮುಚ್ಚಿ ತಂದಿದ್ದೆ. ಶಿಲೀಂಧ್ರ ಎಲ್ಲೆಲ್ಲಿ ಬೆಳೆಯುತ್ತದೆ ಎಂದು ಮಕ್ಕಳಿಂದಲೇ ಹೇಳಿಸಿದೆ. ಆಮೇಲೆ ಮುಂದಿನ ಸಾಲಿನ ಹುಡುಗನನ್ನು ಎಬ್ಬಿಸಿ, ಅವನು ಅಂದು ಕೇಳಿದ್ದಕ್ಕೆ ಉತ್ತರ ಕೊಟ್ಟೆ. ನಾನು ದಿನಾ ಜಳಕ ಮಾಡುತ್ತೇನೆ, ಆದರೂ ನನಗೆ ಹೊಟ್ಟು ಬಂದಿದೆ, ಹಲಗೆಯ ಮೇಲೆ ಬರೆದದ್ದು ತಪ್ಪಿತ್ತು ಎಂದೆ. ಅವಳ ಹೆಸರು ಎತ್ತಲಿಲ್ಲ. ನನ್ನ ತಲೆಯ ಮಾತನ್ನಷ್ಟೇ ಆಡಿದೆ.

ಅವನು ಯೋಚಿಸಿ ಕೇಳಿದ, “ಹಂಗಾದ್ರ ನಮ್ಮ ತಮ್ಮನ ಕೊರಳಾಗಿನ ಗಜಕರ್ಣಾನೂ ಬೂಷ್ಟಿನ ಜಾತೀದ ಏನ್ರಿ?” ಇನ್ನಿಬ್ಬರು ತಮ್ಮ ಮನೆಯಲ್ಲೂ ಇದೆ ಎಂದರು. ಅವರ ಹೆಸರನ್ನು ಮುಖ್ಯಗುರುಮಾತೆಯವರಿಗೆ ಕೊಟ್ಟೆ, ಔಷಧ ಕೊಡಲಿಲ್ಲ.

ಗಂಟು ಬಿಡಿಸಿದ್ದು ಆಯಿಯೇ. ಮಾತ್ರೆ ಶುರುವಾಗಿ ಮೂರು ವಾರಕ್ಕೆ ಹಕ್ಕಳೆ ಉದುರಿ ನೋವು ಹೋಯಿತು. ಒಂದು ರಾತ್ರಿ ಎಣ್ಣೆ ಹಚ್ಚಿ ಎಳೆ ಎಳೆಯಾಗಿ ಬಿಡಿಸಿದರಂತೆ. “ತಾನ ಬಿಟ್ಟುಕೊಂತ ಬಂತ್ರಿ. ಅಮ್ಮನ ಮನಸ್ಸಿನ್ಯಾಗ ಜಡಿ ಇದ್ದಿದ್ದರ ಬಿಡ್ತಿತ್ತೇನು?” ಎಂದರು. ಜನವರಿಯ ಬನದ ಹುಣ್ಣಿಮೆಗೆ ಹೇಳಿದಂತೆಯೇ ಗುಡ್ಡಕ್ಕೆ ಹೋಗಿ ಬಂದರು. ಹುಡುಗಿ ಎರಡು ಜಡೆ ಹೆಣೆದುಕೊಂಡು, ಹಣೆ ತುಂಬ ಭಂಡಾರ ಹಚ್ಚಿಕೊಂಡು ಶಾಲೆಗೆ ಬಂದಳು. ಅವರ ನಂಬಿಕೆಯನ್ನು ನಾನು ಬದಲಿಸಿದೆ ಎಂದು ಹೇಳಲಾರೆ. ಮೊದಲು ಹುಡುಗಿಯ ನೋವನ್ನು ಕೇಳಬೇಕು ಎಂಬುದನ್ನು ನಾನು ಮುಖ್ಯಗುರುಮಾತೆಯವರಿಂದ ಕಲಿತೆ. ನಾನು ಕಾಯ್ದೆಯಿಂದ ಮಾತು ಶುರು ಮಾಡಿದ್ದರೆ ಆಯಿ ಆ ದಿನವೇ ಮೊಮ್ಮಗಳನ್ನು ಕರೆದುಕೊಂಡು ಹೋಗಿಬಿಡುತ್ತಿದ್ದರು.

ಫೆಬ್ರುವರಿ ಕೊನೆಗೆ ನಮ್ಮ ಇಂಟರ್ನ್‌ಶಿಪ್ ಮುಗಿಯಿತು. ಬೀಳ್ಕೊಡುವ ದಿನ ಅವಳು ಕಿವಿಯ ಮೇಲಿನ ಜಾಗ ತೋರಿಸಿದಳು. ಅಲ್ಲಿ ಅಕ್ಕಿಕಾಳಿನಷ್ಟು ಉದ್ದದ ಕೂದಲು ಬಂದಿತ್ತು. ನನ್ನ ತಲೆಯ ತುರಿಕೆ ಪರೀಕ್ಷೆಯ ದಿನಗಳಲ್ಲಿ ಮತ್ತೆ ಬಂತು, ಮತ್ತೆ ಶಾಂಪೂ ಹಚ್ಚುತ್ತಿದ್ದೇನೆ. ದಾಖಲೆ ಪುಸ್ತಕದಲ್ಲಿ ಎರಡನೆಯ ಪಾಠದ ಕೆಳಗೆ ಉಪನ್ಯಾಸಕರು “ಪ್ರಶ್ನೆಗೆ ಉತ್ತರ ಸಿಕ್ಕಿದೆ” ಎಂದು ಬರೆದಿದ್ದಾರೆ. ಮುಂದಿನ ವರ್ಷ ಆ ಶಾಲೆಗೆ ಹೋಗುವ ಪ್ರಶಿಕ್ಷಣಾರ್ಥಿ ಮಿತ್ರರಲ್ಲಿ ನನ್ನದೊಂದು ಕೋರಿಕೆ. ಸ್ವಚ್ಛತೆಯ ಪಾಠ ಮಾಡುವ ಮೊದಲು ತರಗತಿಯಲ್ಲಿ ಯಾರು ಓಢಣಿ ಸುತ್ತಿಕೊಂಡು ಕೂತಿದ್ದಾರೆ ನೋಡಿ.